ಮೇಣ ಮೆತ್ತಿದ ಕೊಳವೆ

ಹೊಳೆಮಠದ ಈ ಸಂಗತಿಯನ್ನು ಆ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಒಬ್ಬೊಬ್ಬರು ಒಂದೊಂದು ಬಾಲ ಅಂಟಿಸುತ್ತಾರೆ. ನಾನು ಬಾಲಗಳನ್ನೆಲ್ಲ ಕತ್ತರಿಸಿ ನಡೆದಷ್ಟನ್ನು ಹೇಳುತ್ತೇನೆ.

ಹೊಳೆಯ ಈ ದಡದಲ್ಲಿ ಮಠ, ಆ ದಡದಲ್ಲಿ ಊರು. ನಡುವೆ ಸೇತುವೆ ಇಲ್ಲ. ಮಳೆಗಾಲದಲ್ಲಿ ತೆಪ್ಪವೇ ಗತಿ. ನೀರು ಇಳಿದ ಮೇಲೆ ಮಠದ ಹಳೆಯ ಜೀಪು ಹೊಳೆಯೊಳಗೇ ಇಳಿದು ಜನರನ್ನು ದಾಟಿಸುತ್ತಿತ್ತು. ಭಕ್ತರೊಬ್ಬರು ಕೊಟ್ಟ ಜೀಪು ಅದು, ನಾಲ್ಕು ಗಾಲಿಗೂ ಎಂಜಿನ್ನಿನ ಬಲ ಸಿಗುವಂಥದ್ದು.

ಮಠದ ಹಿರಿಯ ಸ್ವಾಮಿಗಳನ್ನು ಎಲ್ಲರೂ ಬುದ್ಧಿ ಎಂದೇ ಕರೆಯುತ್ತಿದ್ದರು. ಕಾವಿ ಉಟ್ಟವರ ಹಿಂದಿನ ಬದುಕು ಕೇಳಬಾರದು ಅನ್ನುತ್ತಾರೆ. ಕೇಳುವುದೇನು ಬಂತು? ಬುದ್ಧಿಯವರು ಸ್ಪ್ಯಾನರ್ ಹಿಡಿದದ್ದು ನೋಡಿದರೆ ಸಾಕು, ಗೊತ್ತಾಗುತ್ತಿತ್ತು.

ಶಿಷ್ಯನ ಹೆಸರು ಗುರುಮಲ್ಲ. ಉಡುವುದು ಬಿಳಿ ಪಂಚೆ, ಕನಸು ಕಾವಿಯದು. ಜೀಪು ಓಡಿಸುವವನೂ ಅವನೇ.

ಕಾರ್ತಿಕದ ಒಂದು ಬೆಳಿಗ್ಗೆ ಅವನು ಬುದ್ಧಿಯವರ ಮುಂದೆ ಕೈಕಟ್ಟಿ ನಿಂತ.

"ಬುದ್ಧೀ, ಬರೋ ಸೋಮವಾರ ನನಗೆ ಕಾವಿ ಕೊಡ್ತೀರಲ್ವಾ?"

"ನೋಡೋಣ."

"ಹೋದ ವರ್ಷವೂ ನೋಡೋಣ ಅಂದ್ರಿ."

"ಹೋದ ವರ್ಷವೂ ನೋಡಿದೆ."

ಗುರುಮಲ್ಲನ ಮುಖ ಕೆಂಪಾಯಿತು. "ಇನ್ನೇನು ಬಿಡಬೇಕು ಬುದ್ಧೀ ನಾನು? ಬಾವ ಹೋದಾಗ ಒಂದು ತೊಟ್ಟು ಕಣ್ಣೀರು ಹಾಕ್ಲಿಲ್ಲ. ಮಣ್ಣಿಗೂ ಹೋಗ್ಲಿಲ್ಲ. ಆರಾಧನೆಗಾದ್ರೂ ಬಾ ಅಂತ ಅಕ್ಕ ಹೇಳಿ ಕಳಿಸಿದ್ಲು, ಅದಕ್ಕೂ ಹೋಗ್ಲಿಲ್ಲ."

ಇಲ್ಲಿ ಒಂದು ಮಾತು ಹೇಳಬೇಕು. ಅಪ್ಪ ಅಮ್ಮ ಇಲ್ಲದ ಗುರುಮಲ್ಲನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಆ ದಡದ ಊರಲ್ಲಿದ್ದ ಅಕ್ಕ ದಾಕ್ಷಾಯಿಣಿ, ಬಾವ ಶಿವಮಾದಪ್ಪ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಇದೇ ಹೊಳೆಯಲ್ಲಿ ಅವನಿಗೆ ಈಜು ಕಲಿಸಿದವನು ಆ ಬಾವ. ಅಂಥ ಬಾವ ಮಳೆಗಾಲದಲ್ಲಿ ತೀರಿಕೊಂಡ ದಿನ ಬುದ್ಧಿಯವರು "ಹೋಗಿ ಬಾ ಮರಿ" ಅಂದರು. ಇವನು "ನನಗೆ ಇನ್ನು ಅಕ್ಕ ಇಲ್ಲ, ಬಾವ ಇಲ್ಲ, ಮಠ ಒಂದೇ" ಅಂದು ಕಣ್ಣು ಮುಚ್ಚಿ ಕೂತ. ಕೊನೆಗೆ ಬುದ್ಧಿಯವರೇ ತೆಪ್ಪ ಹತ್ತಿ ಹೋಗಿ ಹಿಡಿ ಮಣ್ಣು ಹಾಕಿ ಬಂದರು.

ಆವತ್ತಿನಿಂದ ಇವನ ಬಾಯಿ ಕೆಟ್ಟಿತು. ಸಾರಿಗೆ ಉಪ್ಪು ಹೆಚ್ಚಾಯ್ತೆಂದು ದಾಸೋಹದ ಮನೆಯ ಪುಟ್ಟತಾಯಮ್ಮನ ಮೇಲೆ ಹಾರಾಡಿದ. ಉಪ್ಪು ಸರಿಯಾಗೇ ಇತ್ತು, ಅದೇ ಪಂಕ್ತಿಯಲ್ಲಿ ನಾನೂ ಉಂಡಿದ್ದೆ. ಜೀಪಿನಲ್ಲಿ ನಗುತ್ತಾ ಕೂತ ಹೆಂಗಸರನ್ನು ಗದರಿದ. ಆ ದಡ ಮುಟ್ಟಿದ್ದೇ ತಡ, ಎಲ್ಲರನ್ನೂ ಮರಳಿನಲ್ಲೇ ಇಳಿಸಿ ಜೀಪು ತಿರುಗಿಸುತ್ತಿದ್ದ. ಊರೊಳಗೆ ಗಾಲಿ ಇಡುತ್ತಿರಲಿಲ್ಲ.

ಬುದ್ಧಿಯವರು ಕೇಳಿದರು: "ಧ್ಯಾನ ಹೇಗೆ ನಡೀತಿದೆ?"

ಸುಳ್ಳು ಹೇಳುವ ಅಭ್ಯಾಸ ಗುರುಮಲ್ಲನಿಗೆ ಇರಲಿಲ್ಲ, ಪುಣ್ಯಕ್ಕೆ.

"ಕಣ್ಣು ಮುಚ್ಚಿದ್ರೆ ಸೋರೆಬುರುಡೆ ಕಾಣುತ್ತೆ ಬುದ್ಧೀ."

"ಆಮೇಲೆ?"

"ಇನ್ನೂ ಗಟ್ಟಿಯಾಗಿ ಮುಚ್ತೀನಿ."

ಬುದ್ಧಿಯವರು ಹೊಳೆಯ ಕಡೆ ನೋಡಿದರು. "ಜೀಪು ಹೇಗಿದೆ?"

"ಮುಂದಿನ ಗಾಲಿಗಳ ನಡುವೆ ಗುರ್ ಅಂತ ಸದ್ದು."

"ಹಾಗಾದ್ರೆ ಮುಂದಿನ ಡಿಫರೆನ್ಷಿಯಲ್ ಎಣ್ಣೆ ಬದಲಾಯಿಸು. ಕಾವಿ ಮಾತು ಆಮೇಲೆ."

ಜೀಪಿನ ಕೆಳಗೆ ಬಗ್ಗಿ ನೋಡಿದವರಿಗೆ ಗೊತ್ತು. ಎರಡು ಮುಂಗಾಲಿಗಳ ನಡುವೆ ಸಣ್ಣ ಕುಂಬಳಕಾಯಿಯಷ್ಟು ಕಬ್ಬಿಣದ ಗುಂಡಿರುತ್ತದೆ. ಅದರೊಳಗೆ ಹಲ್ಲುಚಕ್ರಗಳು ಎಣ್ಣೆಯಲ್ಲಿ ಮಿಂದು ತಿರುಗುತ್ತವೆ. ತಿರುವಿನಲ್ಲಿ ಒಂದು ಗಾಲಿ ನಿಧಾನ, ಇನ್ನೊಂದು ಬೇಗ ಓಡಬೇಕಲ್ಲ, ಅದಕ್ಕೆ ದಾರಿ ಮಾಡಿಕೊಡುವುದು ಆ ಗುಂಡು. ಎಣ್ಣೆ ಕೆಟ್ಟರೆ ಹಲ್ಲು ಸವೆಯುತ್ತದೆ.

"ಗ್ಯಾರೇಜಿಗೆ ಕೊಟ್ರೆ ಆಯ್ತಲ್ಲ ಬುದ್ಧೀ?"

"ಸ್ನಾನಾನೂ ಯಾರ ಕೈಲಾದ್ರೂ ಮಾಡಿಸ್ಕೋತೀಯಾ?"

ಗುರುಮಲ್ಲ ಸ್ಪ್ಯಾನರ್ ತರಲು ಹೊರಟ.

"ನಿಲ್ಲು. ಮೊದಲು ಒಂದು ಸುತ್ತು ಓಡಿಸಿ ತಾ. ತಣ್ಣಗಿರೋ ಎಣ್ಣೆ ಕೊಳೆ ಬಿಡಲ್ಲ."

ಓಡಿಸಿ ತಂದ. ಮಠದ ಮುಂದಿನ ಚಪ್ಪಡಿ ನೆಲ ಸಮವಾಗಿತ್ತು, ಅಲ್ಲೇ ನಿಲ್ಲಿಸಿದ. ಗಾಲಿಗಳಿಗೆ ಕಲ್ಲು ಕೊಟ್ಟ. ದಾಸೋಹದ ಹಳೇ ಬೋಗುಣಿ ಎಳೆದುಕೊಂಡು ಜೀಪಿನ ಕೆಳಗೆ ನುಸುಳಿದ.

ಗುಂಡಿಗೆ ಎರಡು ಬಿರಡೆ. ಕೆಳಗಿನದು ಎಣ್ಣೆ ಬಿಡುವುದಕ್ಕೆ, ಮೇಲಿನದು ತುಂಬುವುದಕ್ಕೆ. ಗುರುಮಲ್ಲ ಕೆಳಗಿನದಕ್ಕೆ ಸ್ಪ್ಯಾನರ್ ಹಾಕಿದ.

ಹೊರಗೆ ಚಾಚಿದ್ದ ಅವನ ಅಂಗಾಲಿಗೆ ಬುದ್ಧಿಯವರು ಕೋಲಿನಿಂದ ತಿವಿದರು. "ಏನು ಮಾಡ್ತಿದ್ದೀಯ?"

"ಖಾಲಿ ಮಾಡ್ತಿದ್ದೀನಿ."

"ತುಂಬೋ ಬಿರಡೆ ಬಿಚ್ಚುತ್ತಾ ನೋಡಿದ್ಯಾ?"

"ಅದು ಆಮೇಲೆ ಅಲ್ವಾ ಬುದ್ಧೀ?"

"ತುಕ್ಕು ಹಿಡಿದು ಅದು ಬಿಚ್ಚದೇ ಹೋದ್ರೆ?"

ಜೀಪಿನ ಕೆಳಗೆ ಸ್ಪ್ಯಾನರ್ ಕೆಳಗಿನ ಬಿರಡೆ ಬಿಟ್ಟು ಮೇಲಿನದಕ್ಕೆ ಸರಿಯಿತು.

"ಖಾಲಿ ಮಾಡಿದೆ ಅಂತ ಹೆಮ್ಮೆಯಿಂದ ಕೂತಿರ್ತೀಯ. ಜೀಪು ಅಲ್ಲೇ ನಿಂತಿರುತ್ತೆ."

ಮೇಲಿನ ಬಿರಡೆ ನಿಜಕ್ಕೂ ಹಟಮಾರಿಯಾಗಿತ್ತು. ಸ್ಪ್ಯಾನರಿಗೆ ಪೈಪು ತೂರಿಸಿ, ಹಲ್ಲು ಕಚ್ಚಿ ಎಳೆದ ಮೇಲೆ ಕಿರ್ರೆಂದು ಸಡಿಲವಾಯಿತು. ಆಮೇಲೆ ಕೆಳಗಿನದನ್ನು ಬಿಚ್ಚಿದ.

"ಅಯ್ಯೋ ಶಿವನೇ!"

"ಏನಾಯ್ತೋ?"

ಬೋಗುಣಿಗೆ ಬಿದ್ದದ್ದು ಎಣ್ಣೆಯ ಹಾಗಿರಲಿಲ್ಲ. ಹಾಲು ಹೆಚ್ಚು ಹಾಕಿದ ಕಾಫಿಯ ಬಣ್ಣ, ಜೊತೆಗೆ ಮೂಗು ಮುಚ್ಚುವ ನಾತ. ಗುರುಮಲ್ಲನ ಮೊಣಕೈವರೆಗೂ ಅದೇ ಸುರಿಯಿತು.

"ನೀರು ಸೇರಿದೆ ಬುದ್ಧೀ!" ಅವನು ಹೊರಗೆ ತೆವಳಿ ಬಂದು, ಕೈ ಒರೆಸಲು ಚಿಂದಿ ಹುಡುಕಿದ. ಸಿಗಲಿಲ್ಲ.

ಬುದ್ಧಿಯವರು ಹೆಗಲ ಮೇಲಿನ ಕಾವಿ ವಸ್ತ್ರದ ಅಂಚು ಹಿಡಿದು ಪರ್ರೆಂದು ಒಂದು ತುಂಡು ಹರಿದರು.

"ತಗೋ."

ಗುರುಮಲ್ಲ ಹಾವು ಕಂಡವನ ಹಾಗೆ ಹಿಂದಕ್ಕೆ ಸರಿದ. "ಬುದ್ಧೀ! ಕಾವಿ! ಗ್ರೀಸು ಒರೆಸೋದಾ ಅದರಲ್ಲಿ? ಮಹಾಪಾಪ."

ಅವನು ತನ್ನ ಬಿಳಿ ಪಂಚೆಗೇ ಕೈ ಒರೆಸಿಕೊಂಡ. ಬುದ್ಧಿಯವರು ಆ ತುಂಡನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಕೆಳಗಿನ ಬಿರಡೆಯ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಸವೆದ ಕಬ್ಬಿಣದ ಪುಡಿ ಅದಕ್ಕೆ ಅಂಟಿ ಕಾಡಿಗೆಯಂತಾಗಿತ್ತು. ಬುದ್ಧಿಯವರು ಅದನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು.

"ಚೂರುಗಳಿಲ್ಲ. ಹಲ್ಲು ಇನ್ನೂ ಉಳಿದಿವೆ. ಹೀಗೇ ಬಿಟ್ಟಿದ್ರೆ ಉಳೀತಿರಲಿಲ್ಲ. ಸರಿ, ನೀರು ಎಲ್ಲಿಂದ ಬಂತು?"

"ಅದೇ ತಲೆಗೆ ಹೋಗ್ತಿಲ್ಲ. ನೀರು ಬರೋ ದಾರಿ ಎಲ್ಲ ನಾನೇ ಮುಚ್ಚಿದ್ದೆ."

"ಏನು ಮುಚ್ಚಿದ್ದೆ?"

ಗುರುಮಲ್ಲನಿಗೆ ಉತ್ಸಾಹ ಬಂತು. "ದೇಹಕ್ಕೆ ಒಂಬತ್ತು ಬಾಗಿಲು, ಕಾಯಬೇಕು ಅಂತ ನೀವೇ ಪಾಠ ಹೇಳಿದ್ರಿ. ಜೀಪಿಗೆ ಎಷ್ಟು ಬಾಗಿಲು ಅಂತ ಹುಡುಕಿದೆ. ನೋಡಿ, ಈ ಗುಂಡಿನ ನೆತ್ತಿಯಿಂದ ಒಂದು ಸಣ್ಣ ಕೊಳವೆ ಮೇಲಕ್ಕೆ ಬರುತ್ತೆ. ಸುಮ್ನೆ ಬಾಯಿ ತೆರಕೊಂಡಿತ್ತು. ಜೇನುಮೇಣ ಮೆತ್ತಿ, ಬಟ್ಟೆ ಸುತ್ತಿ, ಲಿಂಗ ಕಟ್ಟೋ ಶಿವದಾರದಲ್ಲಿ ಬಿಗಿದೆ."

ಜಗತ್ತಿನಲ್ಲಿ ಎಷ್ಟೋ ಜೀಪುಗಳಿವೆ. ಶಿವದಾರ ಕಟ್ಟಿಸಿಕೊಂಡ ಡಿಫರೆನ್ಷಿಯಲ್ ಅದೊಂದೇ ಇರಬೇಕು.

"ಯಾವಾಗ ಕಟ್ಟಿದೆ?"

"ಬಾವ ಹೋದ ಮೇಲೆ."

ಬುದ್ಧಿಯವರು ಆ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದರು. ಒಳ್ಳೇ ಗಂಟು.

"ನೀರು ಬಂದದ್ದು ಇದರಿಂದಲೇ."

"ಅದು ಮುಚ್ಚಿತ್ತಲ್ಲ ಬುದ್ಧೀ!"

ಬುದ್ಧಿಯವರು ದಾಸೋಹದ ಮನೆ ಕಡೆ ತಿರುಗಿ ಕೂಗಿದರು: "ಪುಟ್ಟತಾಯಮ್ಮಾ, ಒಂದು ಚೊಂಬು ಕುದಿಯೋ ನೀರು ಕೊಡವ್ವ. ಒಂದು ಬಾಳೆ ಎಲೆ ತುಂಡೂ."

ಇಬ್ಬರೂ ಹೊಳೆಯ ಮೆಟ್ಟಿಲಿಗೆ ಇಳಿದರು. ಬುದ್ಧಿಯವರು ಬಟ್ಟೆಯಲ್ಲಿ ಹಿಡಿದ ಚೊಂಬನ್ನು ಬಗ್ಗಿಸಿ ಬಿಸಿನೀರನ್ನೆಲ್ಲ ಚೆಲ್ಲಿದರು. ಒಳಗೆ ಹಬೆ ಮಾತ್ರ ಉಳಿಯಿತು. ಕೂಡಲೇ ಅದರ ಬಾಯಿಗೆ ಮಡಿಸಿದ ಎಲೆ ಇಟ್ಟರು.

"ಇದರ ಮೇಲೆ ಅಂಗೈ ಒತ್ತು. ಹಾಗೇ ಹೊಳೆಯಲ್ಲಿ ಮುಳುಗಿಸು. ಒಂದು ಹನಿ ನೀರು ಒಳಗೆ ಹೋಗಬಾರದು."

"ಅದೇನು ಮಹಾ," ಅಂದ ಗುರುಮಲ್ಲ.

ಚೊಂಬು ತಣ್ಣನೆ ನೀರಿಗೆ ಮುಳುಗಿತು. ಗುರುಮಲ್ಲನ ಹುಬ್ಬು ಮೇಲೇರಿತು.

"ಎಳೀತಿದೆ ಬುದ್ಧೀ! ಕೈ ಒಳಗೆ ಎಳ್ಕೊಳ್ತಿದೆ!"

"ಇನ್ನೂ ಗಟ್ಟಿಯಾಗಿ ಮುಚ್ಚು."

ಇನ್ನೊಂದು ಕೈಯನ್ನೂ ಮೇಲಿಟ್ಟು ಒತ್ತಿದ. ಎಲೆ ಎಲ್ಲೋ ಸೀಳಿತು, ಬೆರಳ ಸಂದಿಯಲ್ಲಿ ಸುರ್ ಸುರ್ ಎಂದು ನೀರು ನುಗ್ಗಿತು. ಚೊಂಬನ್ನು ಮೇಲೆತ್ತಿದಾಗ ಅರ್ಧದಷ್ಟು ನೀರು ತುಂಬಿತ್ತು. ತಳದಲ್ಲಿ ಮರಳೂ ಇತ್ತು.

"ನಾನು ಕೈ ಬಿಡಲಿಲ್ಲ ಬುದ್ಧೀ. ನಿಮ್ಮಾಣೆ."

"ಗೊತ್ತು. ಬಿಡಲಿಲ್ಲ."

ಗುರುಮಲ್ಲ ಚೊಂಬನ್ನೂ ಜೀಪನ್ನೂ ನೋಡಿದ. "ಹಾಗಾದ್ರೆ ಆ ಕೊಳವೆ?"

"ಉಸಿರಾಡೋದಕ್ಕೆ. ಓಡಿ ಓಡಿ ಗುಂಡು ಬಿಸಿಯಾಗಿರುತ್ತೆ. ಹೊಳೆಗಿಳಿದರೆ ಒಮ್ಮೆಲೇ ತಣ್ಣಗಾಗಿ ಉಸಿರು ಎಳೆಯುತ್ತೆ. ಮೂಗು ಬಿಟ್ಟಿದ್ರೆ ಗಾಳಿ ಎಳ್ಕೊಂಡು ಸುಮ್ಮನಾಗುತ್ತೆ. ಮೂಗು ಮುಚ್ಚಿದ್ರೆ, ಸಿಕ್ಕ ಸಿಕ್ಕ ಸಂದಿಯಿಂದ ಹೊಳೆಯನ್ನೇ ಎಳ್ಕೊಳ್ಳುತ್ತೆ."

"ಕೊಳವೆಯಿಂದ ನೀರು ಬರಲ್ವಾ ಹಾಗಾದ್ರೆ?"

"ಅದರ ಬಾಯಿ ನೀರಿಗಿಂತ ಮೇಲಿರೋ ಹಾಗೆ ಎತ್ತಿ ಕಟ್ಟು. ಅಷ್ಟೇ ಕೆಲಸ. ನೆಗಡಿ ಅಂತ ಮೂಗು ಕೊಯ್ಯೋದು ಬೇಡ."

ಗುರುಮಲ್ಲ ಶಿವದಾರ ಬಿಚ್ಚಿದ, ಬಟ್ಟೆ ಬಿಚ್ಚಿದ, ಮೇಣವನ್ನು ಕಡ್ಡಿಯಿಂದ ಕೆರೆದು ತೆಗೆದ. ಊದಿ ನೋಡಿದ. ಗಾಳಿ ಸಲೀಸಾಗಿ ಹೋಯಿತು. ಕೊಳವೆಯ ಬಾಯಿಯನ್ನು ಎಂಜಿನ್ನಿನ ಪಕ್ಕಕ್ಕೆ ಎತ್ತಿ ಕಟ್ಟಿದ.

ಸ್ವಲ್ಪ ಹೊಸ ಎಣ್ಣೆ ಹಾಕಿ ಒಳಗನ್ನು ತೊಳೆದು ಬಿಟ್ಟರು. ಕೆಳಗಿನ ಬಿರಡೆಯಿಂದ ಹನಿ ತೊಟ್ಟಿಕ್ಕುವುದು ನಿಲ್ಲಬೇಕು, ಅಲ್ಲಿಯವರೆಗೆ ಕಾಯಬೇಕು. ಗುರುಮಲ್ಲ ಚಪ್ಪಡಿಯ ಮೇಲೆ ಮೊಣಕಾಲು ಅಪ್ಪಿ ಕೂತ.

ಹನಿ ಬೀಳುವುದನ್ನೇ ನೋಡುತ್ತಾ ಕೇಳಿದ: "ಬುದ್ಧೀ, ಪುಟ್ಟತಾಯಮ್ಮನ ಸಾರಲ್ಲಿ ಆವತ್ತು ಉಪ್ಪು ಹೆಚ್ಚಾಗಿತ್ತಾ?"

"ಇಲ್ಲ. ಸರಿಯಾಗಿತ್ತು."

"ನನಗೂ ಹಾಗೇ ಅನ್ನಿಸ್ತಿದೆ ಈಗ."

ಹನಿ ನಿಂತಿತು. ಕೆಳಗಿನ ಬಿರಡೆ ಬಿಗಿದು, ಮೇಲಿನ ತೂತಿಗೆ ಬೇರೊಂದು ಕೊಳವೆ ತೂರಿಸಿ ಎಣ್ಣೆ ಹುಯ್ಯತೊಡಗಿದ.

"ಎಷ್ಟು ಹಾಕಲಿ ಬುದ್ಧೀ?"

"ಅದೇ ಹೇಳುತ್ತೆ."

ಹುಯ್ಯುತ್ತಾ ಹೋದ. ಸ್ವಲ್ಪ ಹೊತ್ತಿಗೆ ಮೇಲಿನ ತೂತಿನ ಅಂಚಿನಿಂದ ಹೊಸ ಎಣ್ಣೆ ಸಣ್ಣಗೆ ಹೊರಗೆ ಇಳಿಯಿತು.

"ಸಾಕು ಅಂತಿದೆ," ಅಂದ ಗುರುಮಲ್ಲ, ಸಣ್ಣಗೆ ನಗುತ್ತಾ. ಬಿರಡೆ ಬಿಗಿದ. ಹಳೇ ಎಣ್ಣೆಯನ್ನು ಹೊಳೆಗೆ ಚೆಲ್ಲದೆ ಡಬ್ಬಕ್ಕೆ ತುಂಬಿ ಎತ್ತಿಟ್ಟ. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟ. "ಸೋಮವಾರದ್ದು ಏನು ಮಾಡಿದ್ರಿ ಬುದ್ಧೀ?"

"ಮೊದಲು ಹೊಳೆ ದಾಟಿಸು. ಸದ್ದು ನಿಂತಿದೆಯಾ ಕೇಳೋಣ."

ಬುದ್ಧಿಯವರು ಪಕ್ಕದಲ್ಲಿ ಹತ್ತಿ ಕೂತರು. ಗುರುಮಲ್ಲ ಮುಂದಿನ ಗಾಲಿಗಳಿಗೂ ಬಲ ಕೊಡುವ ಸನ್ನೆಕೋಲು ಎಳೆದು ಹೊಳೆಗೆ ಇಳಿಸಿದ. ನೀರು ಗಾಲಿಗಳ ಅರ್ಧದವರೆಗೆ ಬಂತು. ಆ ದಡದ ಏರು ಹತ್ತುವಾಗ ಎಂಜಿನ್ ಗುಡುಗಿತು. ಗುರ್ ಎನ್ನುವ ಸದ್ದು ಮಾತ್ರ ಇರಲಿಲ್ಲ.

ಮರಳು ಮುಗಿಯುವಲ್ಲಿ ಗುರುಮಲ್ಲ ಸ್ಟಿಯರಿಂಗ್ ತಿರುಗಿಸಿದ.

"ಯಾಕೆ ತಿರುಗಿಸ್ತೀಯ?"

"ಯಾವಾಗಲೂ ಇಲ್ಲೇ ತಿರುಗಿಸೋದು ಬುದ್ಧೀ."

"ಇಷ್ಟು ದೂರಕ್ಕೆ ಏನು ಗೊತ್ತಾಗುತ್ತೆ? ಊರೊಳಗೆ ಹೋಗು."

"ಊರೊಳಗೆ ಎಲ್ಲಿಗೆ?"

"ನಿನಗೆ ಗೊತ್ತಿರೋ ಮನೆ ಒಂದೂ ಇಲ್ವಾ ಈ ಊರಲ್ಲಿ?"

ಗುರುಮಲ್ಲ ಜೀಪು ನಿಲ್ಲಿಸಿದ.

"ಹೋದ್ರೆ ಅಳು ಬರುತ್ತೆ ಬುದ್ಧೀ."

"ಬರಬಹುದು."

"ಅತ್ರೆ ಕಾವಿ ಹೋಗುತ್ತೆ."

"ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ.

"ಗೇರ್ ಹಾಕು," ಅಂದರು ಬುದ್ಧಿ.

ಅಕ್ಕ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಜೀಪಿನ ಸದ್ದಿಗೆ ತಲೆ ಎತ್ತಿದಳು. ಬುದ್ಧಿಯವರನ್ನು ಕಂಡು ಎದ್ದು ಸೆರಗು ಹೊದ್ದು ಕೈ ಮುಗಿದಳು. ಬುದ್ಧಿಯವರು ಜೀಪಿನಲ್ಲೇ ಕೂತು, ನೀನು ಹೋಗು ಎಂದು ಗುರುಮಲ್ಲನಿಗೆ ಗದ್ದ ಎತ್ತಿ ತೋರಿಸಿದರು.

ಅವನು ಜಗಲಿಯ ಕೆಳಗೆ ನಿಂತ. ಅಕ್ಕ ಅವನ ಪಂಚೆಯ ಕಲೆ ನೋಡಿದಳು, ಇಳಿದ ಮುಖ ನೋಡಿದಳು. ಬಯ್ಯುತ್ತಾಳೆ ಅಂದುಕೊಂಡಿದ್ದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

"ಉಂಡ್ಯೇನೋ?" ಅಂದಳು.

"ಇಲ್ಲ ಅಕ್ಕ."

"ಕೈಕಾಲು ತೊಳ್ಕೊಂಡು ಬಾ ಒಳಗೆ."

ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೊರಟವನು ಹೊಸ್ತಿಲಲ್ಲೇ ನಿಂತ. ಗೋಡೆಯ ಗೂಟಕ್ಕೆ ಹಳೇ ಹಗ್ಗದ ಸಮೇತ ಆ ಸೋರೆಬುರುಡೆಗಳು ತೂಗುತ್ತಿದ್ದವು.

"ನಾನು ಮಣ್ಣಿಗೂ ಬರಲಿಲ್ಲ ಅಕ್ಕ," ಅಂದ.

"ನೀನು ಬರಬಾರದು ಅಂತಲೇ ನಿಮ್ಮ ಬಾವಾನೂ ಅಂದಿದ್ದು ಕಣೋ."

ಗುರುಮಲ್ಲ ತಿರುಗಿ ನೋಡಿದ.

"ಕೊನೇ ದಿನ ಹೊಳೆ ತುಂಬಿ ಹರೀತಿತ್ತು. ಗುರುಮಲ್ಲನಿಗೆ ಈಗಲೇ ಹೇಳಿ ಕಳಿಸಬೇಡ ಅಂದ್ರು. ತೆಪ್ಪಕ್ಕೆ ಕಾಯೋ ಹುಡುಗ ಅಲ್ಲ ಅವನು, ನನಗೆ ಹಿಂಗಾಗಿದೆ ಅಂತ ಕೇಳಿದ್ರೆ ಈಜ್ಕೊಂಡೇ ಬಂದುಬಿಡ್ತಾನೆ, ನೀರು ಇಳೀಲಿ ಅಂದ್ರು."

ಗುರುಮಲ್ಲ ಗೋಡೆಗೆ ಒರಗಿದ. ಹಾಗೇ ಜಾರಿ ಕೆಳಗೆ ಕೂತ. ಆಮೇಲೆ ಬಂತು ನೋಡಿ, ಮಳೆಗಾಲದಿಂದ ಕಟ್ಟಿಟ್ಟಿದ್ದ ಅಳು. ಅಕ್ಕ ಅವನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದು ತಾನೂ ಅತ್ತಳು. ಬೀದಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು, ಅರ್ಥವಾಗಿ, ಸುಮ್ಮನೆ ಮುಂದೆ ಹೋದರು.

ಬಿಸಿಲು ಇಳಿಯುವ ಹೊತ್ತಿಗೆ ಅವನು ಹೊರಗೆ ಬಂದ. ಬುದ್ಧಿಯವರು ಜೀಪಿನಲ್ಲೇ ಇದ್ದರು. ಅಕ್ಕ ಕೊಟ್ಟ ಅವರೆಕಾಳಿನ ಉಪ್ಪಿಟ್ಟು ಮುಗಿಸಿ ಬಾಳೆ ಎಲೆಯನ್ನು ಮಡಿಸುತ್ತಿದ್ದರು.

"ಬುದ್ಧೀ, ನಾನು ಅತ್ತುಬಿಟ್ಟೆ."

"ಕೇಳಿಸ್ತು."

"ತಡೆಯೋಕೇ ಆಗ್ಲಿಲ್ಲ. ಊರಿಗೆಲ್ಲ ಕೇಳೋ ಹಾಗೆ ಅತ್ತೆ."

"ಹೌದು."

"ಸೋಮವಾರ ನನಗೆ ಕಾವಿ ಕೊಡಬೇಡಿ ಬುದ್ಧೀ. ಇನ್ನು ಕೇಳೋದೂ ಇಲ್ಲ."

ಹೇಳುತ್ತಾ ಹೇಳುತ್ತಾ ಮತ್ತೆ ಕಣ್ಣು ತುಂಬಿತು. ಎಣ್ಣೆ ಮೆತ್ತಿದ ಪಂಚೆಯ ಚುಂಗನ್ನೇ ಮುಖಕ್ಕೆ ಎತ್ತಿದ.

ಬುದ್ಧಿಯವರು ಅವನ ಕೈ ಹಿಡಿದು ಕೆಳಗಿಳಿಸಿದರು. ಸೊಂಟದಿಂದ ಆ ಮಡಿಸಿದ ತುಂಡನ್ನು ತೆಗೆದರು.

"ಕಾವಿ ಬೇಕು ಕಾವಿ ಬೇಕು ಅಂತಿದ್ದೆಯಲ್ಲ ಮರಿ, ತಗೋ, ಕಣ್ಣು ಒರೆಸ್ಕೋ."